ಮಾವನ ಹೆಸರಿನ ಯಂತ್ರ

ನಮ್ಮ ಕಡೆ ಗಾಳಿಗೆ ಶಮಾಲ್ ಎನ್ನುತ್ತಾರೆ. ಸರೋವರದ ದಡದ ಬಾಲಿಕ್ಚಿಯಲ್ಲಿದ್ದುಕೊಂಡು ಆ ಮಾತನ್ನು ಆಡದೆ ಒಂದು ದಿನ ಕಳೆಯುವುದೇ ಕಷ್ಟ. ಬೆರ್ಮೆತ್ ಹಾಗೆ ಆರು ವರ್ಷ ಕಳೆದಿದ್ದಳು. ಅವಳ ಮಾವನ ಹೆಸರು ಶಮಾಲ್. ಸರೋವರದ ಈ ತುದಿಯ ಊರಿನಲ್ಲಿ ಮನೆಗಳ ತಗಡು ಹಾರಿಹೋದ ದಿನ ಹುಟ್ಟಿದ್ದಕ್ಕೆ ಆ ಹೆಸರಿಟ್ಟರಂತೆ. ಬೆರ್ಮೆತ್ ಮದುವೆಯಾಗಿ ಬರುವುದಕ್ಕೆ ಎರಡು ವರ್ಷ ಮೊದಲೇ ಆತ ತೀರಿಕೊಂಡಿದ್ದ. ಅವಳು ಅವನ ಮುಖ ನೋಡಿದ್ದು ಗೋಡೆಯ ಮೇಲಿನ ಚಿತ್ರದಲ್ಲಿ ಮಾತ್ರ. ಆದರೂ ಸೊಸೆ ಸೊಸೆಯೇ. ಗಂಡನ ಮನೆಯ ಹಿರಿಯರ ಹೆಸರು ಅವಳ ಬಾಯಲ್ಲಿ ಬರಬಾರದು. ಅವಳು ಗಾಳಿಯನ್ನು 'ಬೀಸೋದು' ಎನ್ನುತ್ತಿದ್ದಳು. ಪಶ್ಚಿಮದ ಕಣಿವೆಯಿಂದ ನುಗ್ಗುವ ಗಾಳಿಗೆ ಪುಣ್ಯಕ್ಕೆ ಉಲಾನ್ ಎಂಬ ಬೇರೆ ಹೆಸರಿತ್ತು. ಅದನ್ನು ಧಾರಾಳವಾಗಿ ಹೇಳಬಹುದಿತ್ತು.

ಉಲಾನ್ ಬೀಸಿದ ದಿನ ಮುಚ್ಚಿದ ಕಿಟಕಿಯ ಸಂದಿಯಿಂದಲೂ ಧೂಳು ಒಳಗೆ ಬಂದು, ಜರಡಿ ಹಿಡಿದ ಹಿಟ್ಟಿನ ಹಾಗೆ ನೆಲದ ಮೇಲೆ ಕೂರುತ್ತಿತ್ತು. ಧೂಳು ಕಂಡರೆ ಅತ್ತೆ ಕುಲಿಪಾಳ ಕೈ ಸುಮ್ಮನಿರುತ್ತಿರಲಿಲ್ಲ. ವಸಂತದಲ್ಲಿ ಅವಳ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಬಗ್ಗಕೂಡದು, ಮಂಡಿಯೂರಕೂಡದು ಎಂದು ವೈದ್ಯರು ಬರೆದುಕೊಟ್ಟಿದ್ದರು. ಕಳೆದ ತಿಂಗಳು ಬೆರ್ಮೆತ್ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು, ಅಂಗಡಿಗೂ ಹೋಗಿ ಬರುವಷ್ಟರಲ್ಲಿ, ನೆಲದ ಮೇಲೆ ಹಾಸಿ ಉಣ್ಣುವ ಊಟದ ಬಟ್ಟೆಯ ಸುತ್ತ ಬಿದ್ದಿದ್ದ ರೊಟ್ಟಿ ಚೂರು ಆರಿಸಲು ಮುದುಕಿ ನೆಲಕ್ಕಿಳಿದಿದ್ದಳು. ಏಳಲಾಗದೆ ಒಂದು ಗಂಟೆ ಅಲ್ಲೇ ಕೂತಿದ್ದಳು. ಎತ್ತಿ ಕೂರಿಸಿದ ಸೊಸೆಗೇ ಬೈಗುಳ ಬಿತ್ತು. "ಮತ್ತೇನು, ರೊಟ್ಟೀನ ಕಸದ ಜೊತೆ ಗುಡಿಸ್ಬೇಕಿತ್ತೇನೇ?"

ಬೆರ್ಮೆತ್ ಊರ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು. ಹೆರಿಗೆಯ ನಂತರದ ಮೂರು ವರ್ಷದ ರಜೆ ಭಾನುವಾರಕ್ಕೆ ಮುಗಿಯುತ್ತಿತ್ತು. ಸೋಮವಾರ ಬರದಿದ್ದರೆ ಆ ಕುರ್ಚಿ ಇನ್ನೊಬ್ಬಳಿಗೆ ಎಂದು ಮುಖ್ಯಸ್ಥೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು.

"ಹೋಗು ಮಗಳೇ, ಯಾರು ಬೇಡ ಅಂದ್ರು?" ಎಂದಿದ್ದಳು ಕುಲಿಪಾ. "ನೆಲ ನಾನು ನೋಡ್ಕೋತೀನಿ."

ಬೆರ್ಮೆತ್‌ಳ ಭಯವೇ ಅದು. ಬೇಡ ಎನ್ನುವ ಅತ್ತೆಯ ಜೊತೆ ಜಗಳವಾದರೂ ಆಡಬಹುದು. ಹೋಗು ಎಂದು ಕಳಿಸಿ, ಹಿಂದಿನಿಂದ ಪೊರಕೆ ಹಿಡಿದು ಬಗ್ಗುವವಳನ್ನು ಏನು ಮಾಡುವುದು?

ಕಸ ಗುಡಿಸುವ ರೋಬೋಟ್ ತರೋಣ ಎಂದವನು ಗಂಡ ಜಾನಿಬೆಕ್. ಅವನು ಬಿಷ್ಕೆಕ್‌ಗೆ ಮಿನಿಬಸ್ ಓಡಿಸುತ್ತಿದ್ದ. ಬೆಳಗಿನ ಐದೂವರೆಗೇ ಮನೆ ಬಿಡುತ್ತಿದ್ದ. ಅಮ್ಮನನ್ನು ಅಪಾ ಎನ್ನುತ್ತಿದ್ದ. "ಆದ್ರೆ ನೋಡು, ಅದನ್ನ ನಡೆಸ್ಬೇಕಾದ್ದು ಅಪಾ. ನೀನೂ ಅಲ್ಲ, ನಾನೂ ಅಲ್ಲ" ಎಂದ. ಹೌದಲ್ಲ. ನೆಲದ ಹಾಸಿಗೆಗಳನ್ನು ಮಡಚಿ ಪೆಟ್ಟಿಗೆಯ ಮೇಲೆ ಪೇರಿಸಿ, ಚಹಾ ಮುಗಿದು, ಊಟದ ಬಟ್ಟೆ ಎತ್ತಿದ ಮೇಲೆ ತಾನೆ ನೆಲ ಖಾಲಿಯಾಗುವುದು? ಅಷ್ಟು ಹೊತ್ತಿಗೆ ಮನೆಯಲ್ಲಿ ಉಳಿಯುವವಳು ಕುಲಿಪಾ ಒಬ್ಬಳೇ. ದಿನಾ ಹತ್ತಕ್ಕೆ ತಾನೇ ಹೊರಡುವಂತೆ ಇಡೋಣವೆಂದರೆ ಪಕ್ಕದ ಮನೆಯವರು ಚಹಾಕ್ಕೆ ಯಾವಾಗ ಬರುತ್ತಾರೆ, ಯಾವಾಗ ಏಳುತ್ತಾರೆ ಎಂದು ದೇವರಿಗೂ ಗೊತ್ತಿರಲಿಲ್ಲ. ಯಂತ್ರ ಊಟದ ಬಟ್ಟೆಯ ಮೇಲೆ ಹತ್ತಿ, ರೊಟ್ಟಿಯ ಮೇಲೆ ಚಕ್ರ ಹರಿಸಿದರೆ ಆ ದಿನವೇ ಅದು ಬೀದಿಗೆ ಬೀಳುವುದು ಖಂಡಿತ. ಮೊಬೈಲಿನ ಸಣ್ಣ ಅಕ್ಷರ ಅತ್ತೆಗೆ ಕಾಣದು. ಬಾಯಿಮಾತಿಗೆ ಓಡುವ ಯಂತ್ರವೇ ಬೇಕು.

ಶನಿವಾರ ಬೆರ್ಮೆತ್ ಅಂಗಡಿಗೆ ಹೋದಾಗ ಅವಳ ಚೀಲದಲ್ಲಿ ಮೂರು ವಸ್ತುಗಳಿದ್ದವು: ಅತ್ತೆಯ ಪೆಟ್ಟಿಗೆಯ ಕೆಳಗಿನ ಸಂದಿಯ ಅಳತೆಗೆ ಕತ್ತರಿಸಿದ ಒಂದು ಕಡ್ಡಿ, ಹಳೆಯ ಕಂಬಳಿ ಜಮಖಾನದ ತುಂಡು, ಡಬ್ಬಿಯ ತುಂಬ ಮನೆಯ ಧೂಳು.

ಅಂಗಡಿಯ ತಲಾಂತ್ ಡಬ್ಬಿಯ ಒಳಗೆ ಇಣುಕಿ ನೋಡಿದ. "ಅಕ್ಕ, ಧೂಳಿಗೆ ಇಲ್ಲಿ ಬರಗಾಲ ಇದೆ ಅಂದ್ಕೊಂಡ್ರಾ?"

"ಇದು ನಮ್ಮನೇದು. ಕುರಿ ಉಣ್ಣೆ, ಕೂದಲು, ಮರಳು ಎಲ್ಲಾ ಇದೆ. ಒಂದೊಂದು ಯಂತ್ರಕ್ಕೂ ಐವತ್ತು ಗ್ರಾಂ ಹಾಕಿ. ತಿಂದಿದ್ದನ್ನ ಆಮೇಲೆ ತೂಗೋಣ."

"ನೀವೇನು ತನಿಖೆಯವರಾ?"

"ರಕ್ತ ಪರೀಕ್ಷೆಯವಳು."

"ಹಾಗಾದ್ರೆ ವಾಸಿ" ಎಂದು ಅವನು ತೋಳು ಮಡಚಿದ.

ಮೊದಲನೆಯದು ಬೆಳ್ಳಗೆ, ದುಬಾರಿ, ತಲೆಯ ಮೇಲೆ ಗೋಪುರ ಹೊತ್ತದ್ದು. ನಲವತ್ತಾರು ಗ್ರಾಂ ತಿಂದಿತು. ಕಡ್ಡಿ ಇಟ್ಟು ನೋಡಿದರೆ ಗೋಪುರ ಅದಕ್ಕಿಂತ ಒಂದು ಬೆರಳು ಎತ್ತರ. ಮಾತೂ ರಷ್ಯನ್ನಿನಲ್ಲಿ ಮಾತ್ರ ಕೇಳುತ್ತಿತ್ತು. ಅತ್ತೆಗೆ ಬರುವ ರಷ್ಯನ್ ಬಸ್ಸಿಗೆ, ಔಷಧದ ಅಂಗಡಿಗೆ ಮತ್ತು ಬೈಯಲು ಸಾಕಾಗುವಷ್ಟು. ಎರಡನೆಯದು ಗುಡಿಸುತ್ತಲೇ ನೆಲ ಒರೆಸುತ್ತಿತ್ತು. ಜಮಖಾನದ ತುಂಡು ಸಿಕ್ಕಿದ್ದೇ ಅದನ್ನೂ ನೆನೆಸಿತು. ಕುಲಿಪಾ ಮೂರು ಚಳಿಗಾಲ ಕೂತು ಹೊಲಿದ ಜಮಖಾನ ಮನೆಯಲ್ಲಿತ್ತು. ನೆನೆದರೆ ಅದರ ಕೆಂಪು ಬಿಳಿಗೆ ಇಳಿದು ಹಾಳಾಗುತ್ತದೆ. ಬೆರ್ಮೆತ್ ತಲೆಯಲ್ಲೇ ಅದರ ಮೇಲೆ ಗೀಟು ಎಳೆದಳು.

ಮೂರನೆಯದು ಕಪ್ಪಗೆ, ಚಪ್ಪಟೆಯಾಗಿ, ತಂದೂರ್ ರೊಟ್ಟಿಯ ಗಾತ್ರಕ್ಕಿತ್ತು. ನಲವತ್ತೆಂಟು ಗ್ರಾಂ ತಿಂದಿತು. ಎತ್ತರ ಕಡ್ಡಿಗಿಂತ ಕಡಿಮೆಯೇ ಇತ್ತು. ಜಮಖಾನದ ದಪ್ಪ ಅಂಚನ್ನು ಒಂದೇ ಸಲಕ್ಕೆ ಹತ್ತಿತು.

"ಇದು ನಮ್ಮ ಮಾತಲ್ಲೇ ಹೇಳಿದ್ದು ಕೇಳತ್ತೆ. ಐದೇ ಮಾತು ಬರೋದು. ಬಾ, ಗುಡಿಸು, ನಿಲ್ಲು, ಹಿಂದೆ ಸರಿ, ಮನೆಗೆ ಹೋಗು. ಆದ್ರೆ ಮೊದಲು ಹೆಸರು ಹಿಡಿದು ಕರೀಬೇಕು" ಎಂದ ತಲಾಂತ್. "ಶಮಾಲ್, ಬಾ!"

"ಶಮಾಲ್ ಬಂದ" ಎಂದು ಗಂಡಸಿನ ದನಿಯಲ್ಲಿ ಹೇಳಿ ಯಂತ್ರ ಅವನ ಕಾಲ ಬಳಿಗೆ ಬಂತು.

ಬೆರ್ಮೆತ್‌ಳ ಕೈ ತಾನಾಗಿ ತಲೆವಸ್ತ್ರದ ಕಡೆಗೆ ಹೋಯಿತು, ಹಿರಿಯರು ಒಳಗೆ ಬಂದಾಗ ಹೋಗುವ ಹಾಗೆ.

"ನೀವೂ ಒಂದ್ಸಲ ಕರೀರಿ ಅಕ್ಕ."

"ಬೇರೆ ಹೆಸರು ಇಡಕ್ಕಾಗಲ್ವಾ? ಉಲಾನ್ ಅಂತ?"

"ಏನಂದ್ರಿ?"

"ಉಲಾನ್!" ಎಂದು ಅವಳು ಗಟ್ಟಿಯಾಗಿ ಹೇಳಿದಳು. ಗೋದಾಮಿನ ಬಾಗಿಲಿನಿಂದ ದಪ್ಪ ಮೀಸೆಯ ಗಂಡಸೊಬ್ಬ ಅರ್ಧ ಸಮೋಸಾ ಕೈಯಲ್ಲಿ ಹಿಡಿದು ಹೊರಗೆ ಬಂದ. "ಯಾರು ಕರೆದಿದ್ದು?"

ತಲಾಂತ್ ನಗು ತಡೆಯಲಾಗದೆ ಕಟ್ಟೆಗೆ ಒರಗಿದ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ನಿಮ್ಮನೇಲಿ ಯಾರ ಹೆಸರು ಅದು?"

"ಮಾವನವರದ್ದು."

"ಛೆ. ನಮ್ಮಮ್ಮ ಇವತ್ತಿಗೂ ಕಬ್ಬಿಣಾನ 'ಗಟ್ಟೀದು' ಅಂತಾಳೆ, ನಮ್ಮ ತಾತನ ಹೆಸರೇ ತೆಮಿರ್, ಕಬ್ಬಿಣ ಅಂತ. ಇದರ ಹೆಸರು ಬದಲಾಯಿಸಕ್ಕೆ ಆಗಲ್ಲ ಅಕ್ಕ. ಕಂಪನಿಯೋರು ಒಳಗೇ ಕೂರಿಸಿಬಿಟ್ಟಿದಾರೆ. ಮೇಲೆ ಒಂದು ಗುಂಡಿ ಇದೆ, ಆದ್ರೆ ಬೆರಳಲ್ಲೇ ಮುಟ್ಟಬೇಕು. ಕೋಲಲ್ಲಿ ತಿವಿದ್ರೆ ಆಗಲ್ಲ."

ಬೆರಳಿನಲ್ಲಿ ಮುಟ್ಟಬೇಕಾದರೆ ನೆಲಕ್ಕೆ ಬಗ್ಗಬೇಕು. ಬೆರ್ಮೆತ್ ಮತ್ತೆ ಮೂರನ್ನೂ ನೋಡಿದಳು. ಪರೀಕ್ಷೆಯ ಉತ್ತರ ಎದುರಿಗೇ ಇತ್ತು. ಅದನ್ನು ಬಾಯಲ್ಲಿ ಹೇಳುವುದಕ್ಕೆ ಮಾತ್ರ ಆಗುತ್ತಿರಲಿಲ್ಲ. ಒಂದು ವಾರದೊಳಗೆ ವಾಪಸು ತರಬಹುದು ಎಂಬ ಮಾತಿನ ಮೇಲೆ ಕಪ್ಪನೆಯದನ್ನೇ ಕಟ್ಟಿಸಿಕೊಂಡಳು.

ಸಂಜೆ ಜಾನಿಬೆಕ್ ಡಬ್ಬದ ಮೇಲಿನ ಹೆಸರು ಓದಿ ಹೊಟ್ಟೆ ಹಿಡಿದು ನಕ್ಕ. "ಅಪ್ಪ ಜೀವಮಾನದಲ್ಲಿ ಒಂದು ದಿನ ಪೊರಕೆ ಮುಟ್ಟಿದೋರಲ್ಲ." ನಗುತ್ತಲೇ ಅದನ್ನು ನೆಲಕ್ಕಿಟ್ಟು ಹೆಸರು ಹಿಡಿದು ಕೂಗಿದ. ಯಂತ್ರ "ಶಮಾಲ್ ಹೊರಟ" ಎಂದಿತು.

ಅಡುಗೆ ಕೋಣೆಯಲ್ಲಿ ಬಟ್ಟಲುಗಳ ಸದ್ದು ನಿಂತಿತು. ಕುಲಿಪಾ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಯಂತ್ರ ಪೆಟ್ಟಿಗೆಯ ಕೆಳಗೆ ಹೋಗಿ, ಎಂಟು ವರ್ಷದಿಂದ ಯಾರೂ ಗುಡಿಸದಿದ್ದ ಮೂಲೆಯಿಂದ ಧೂಳು ಹೊತ್ತು ಹೊರಗೆ ಬಂತು. ನಡುಮನೆಯಲ್ಲಿ ಒಂದು ಸುತ್ತು ಹಾಕಿತು. "ಶಮಾಲ್‌ಗೆ ಹಸಿವಾಗಿದೆ, ಮನೆಗೆ ಹೋಗ್ತಾನೆ" ಎಂದು ಹೇಳಿ ಕರೆಂಟಿನ ಪೀಠಕ್ಕೆ ಹೋಗಿ ನಿಂತಿತು.

"ಅದಕ್ಕೆ ಯಾರು ಈ ಹೆಸರಿಟ್ಟಿದ್ದು?"

"ಕಂಪನಿಯೋರು ಅಪಾ" ಎಂದಳು ಬೆರ್ಮೆತ್.

"ನೆಲ ನೆಕ್ಕೋ ಯಂತ್ರಕ್ಕೆ." ಕುಲಿಪಾ ಒಳಗೆ ಹೋದಳು. ತನ್ನ ಹಳೆಯ ತಲೆವಸ್ತ್ರ ತಂದು ಮೊಮ್ಮಗಳ ಕೈಗೆ ಕೊಟ್ಟು, ಯಂತ್ರದ ಮೇಲೆ ಹೊದಿಸಲು ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬೆರ್ಮೆತ್ ವಸ್ತ್ರ ಸರಿಸಿ, ಯಾರೂ ಇಲ್ಲದಾಗ ಪಿಸುದನಿಯಲ್ಲಿ ಚಮಾಲ್ ಎಂದಳು, ಮಮಾಲ್ ಎಂದಳು, ತಮಾಲ್ ಎಂದಳು. ಸೊಸೆಯರು ಮೊದಲಿನಿಂದಲೂ ಹೀಗೆ ಒಂದಕ್ಷರ ತಿರುಚಿ ಪಾರಾಗುತ್ತಾ ಬಂದಿದ್ದಾರೆ. ಯಂತ್ರ ಕಣ್ಣು ಪಿಳುಕಿಸಲಿಲ್ಲ. ಅವಳು ವಸ್ತ್ರವನ್ನು ಮತ್ತೆ ಹೊದಿಸಿದಳು. ತಾನು ಕರೆದು ಪ್ರಯೋಜನವೇನು ಎಂದೂ ಅವಳಿಗೆ ಗೊತ್ತಿತ್ತು. ಕರೆಯಬೇಕಾದವಳು ಕುಲಿಪಾ, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಒಂದು ಸಲವೂ ಗಂಡನ ಹೆಸರು ಹೇಳದವಳು. ಊರಿನ ಒಂದೇ ಒಂದು ಯಂತ್ರಕ್ಕೆ ಅತ್ತೆಯ ಮಾತು ಬರುತ್ತಿತ್ತು. ಅತ್ತೆಗೆ ಬಾರದ ಒಂದೇ ಒಂದು ಮಾತು ಅದರ ಹೆಸರಾಗಿತ್ತು.

ಆ ರಾತ್ರಿ ಬೆರ್ಮೆತ್ ಎರಡು ಸಾಲಿನ ಕಾಗದ ಬರೆದಳು. ಮನೆಯ ಕಾರಣದಿಂದ ಕೆಲಸಕ್ಕೆ ಬರಲಾಗುತ್ತಿಲ್ಲ, ಕ್ಷಮಿಸಿ. ಸೋಮವಾರ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು. ಹೊರಡುವಾಗ "ಅಪಾ, ಬಗ್ಗಬೇಡಿ. ಮಧ್ಯಾಹ್ನಕ್ಕೆ ಬಂದುಬಿಡ್ತೀನಿ" ಎಂದಳು. "ನನಗೇನು ಕೆಲಸ ಬಗ್ಗಕ್ಕೆ?" ಎಂದಳು ಕುಲಿಪಾ. ಆಗಲೇ ಅವಳ ಕಣ್ಣು ಕಿಟಕಿಯ ಕೆಳಗಿನ ಧೂಳಿನ ಮೇಲಿತ್ತು. ಹೊರಗೆ ಉಲಾನ್ ಶುರುವಾಗಿತ್ತು.

ಮುಖ್ಯಸ್ಥೆ ಹನ್ನೊಂದರವರೆಗೆ ಸಭೆಯಲ್ಲಿದ್ದಳು. ಅಷ್ಟರಲ್ಲಿ ಯಾರೋ ರಕ್ತದ ಕೊಳವೆಗಳ ತಟ್ಟೆಯನ್ನು ಬೆರ್ಮೆತ್‌ಳ ಮುಂದೆ ಇಟ್ಟು ಹೋದರು. ಮೂರು ವರ್ಷದ ಮೇಲೂ ಕೈ ಏನನ್ನೂ ಮರೆತಿರಲಿಲ್ಲ. ಅದೇ ಅವಳಿಗೆ ಸಿಟ್ಟು ತರಿಸಿತು. ಮುಖ್ಯಸ್ಥೆಯ ಬಾಗಿಲು ತೆರೆದಾಗ ಎದ್ದು ನಿಂತವಳು, ಕಾಗದ ಕೊಡುವ ಮುಂಚೆ ಒಂದು ಸಲ ಮನೆಗೆ ಫೋನ್ ಮಾಡಿದಳು.

ಬಹಳ ಹೊತ್ತು ಗಂಟೆ ಬಾರಿಸಿತು. ಆಮೇಲೆ ಅತ್ತೆಯ ದನಿ ಬಂತು, ಆದರೆ ಫೋನಿಗಲ್ಲ.

"ಶಮಾಲ್! ನಿಲ್ಲು ಅಂದ್ರೆ ನಿಲ್ಲು!"

ಬೆರ್ಮೆತ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮುದುಕಿಗೆ ಭ್ರಮೆಯಾಗಿದೆ, ಗೋಡೆಯ ಚಿತ್ರದ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡಳು. ಅಷ್ಟರಲ್ಲಿ ಹಿಂದೆ ಮೋಟಾರಿನ ಗುರ್ ಸದ್ದು ಕೇಳಿಸಿತು.

"ಅಪಾ? ಹುಷಾರಾಗಿದೀರಾ?"

"ಯಾರು, ನೀನಾ? ಇರು. ಶಮಾಲ್, ಹಿಂದೆ ಸರಿ! ಜಮಖಾನದ ಗೊಂಡೆ ತಿಂತಾ ಇದ್ದ. ಹಾಂ, ಈಗ ಹೇಳು."

"ನೆಲಕ್ಕೆ ಕೂತಿದ್ರಾ?"

"ಕೂತಿದ್ದೆ ಕಣೇ. ಸುಳ್ಳೇಕೆ ಹೇಳ್ಲಿ? ಕಿಟಕಿ ಕೆಳಗಿಂದ ನೋಡಕ್ಕಾಗ್ಲಿಲ್ಲ, ಒದ್ದೆ ಬಟ್ಟೆ ತಗೊಂಡು ಇಳಿದೆ. ಮಂಡಿ ಹಿಡ್ಕೊಂಡುಬಿಡ್ತು. ಮನೇಲಿ ಯಾರಿದಾರೆ? ಏಯ್ ಅಂದೆ. ಬಾರೋ ಅಂದೆ. ಯಾರೂ ಬರ್ಲಿಲ್ಲ. ಆಮೇಲೆ ಕರೆದೆ."

ಯಾರನ್ನು ಕರೆದಿರಿ ಎಂದು ಬೆರ್ಮೆತ್ ಕೇಳಲಿಲ್ಲ.

"ಮೇಲಿದ್ದ ಬಟ್ಟೆ ಎಳ್ಕೊಂಡೇ ಬಂತು, ಮದುಮಗಳ ಹಾಗೆ" ಎಂದು ಕುಲಿಪಾ ನಕ್ಕಳು. "ಬಂದು ಮಂಡಿಗೆ ಒಂದು ಗುದ್ದಿ ಹಿಂದೆ ಹೋಯ್ತು. ಅವರೂ ಹಾಗೇನೇ. ಕೈ ಕೊಟ್ಟು ಎಬ್ಬಿಸೋ ಜಾತಿ ಅಲ್ಲ. ಪೆಟ್ಟಿಗೆ ಹಿಡ್ಕೊಂಡು ನಾನೇ ಎದ್ದೆ. ಆದ್ರೂ ನೋಡು, ಮೂವತ್ತೆಂಟು ವರ್ಷ 'ಇವಳಪ್ಪಾ, ಇವನಪ್ಪಾ' ಅಂತ ಕರೆದ್ರೆ ಆ ಮನುಷ್ಯನಿಗೆ ಮೂರನೇ ಸಲಕ್ಕೂ ಕೇಳ್ತಿರ್ಲಿಲ್ಲ. ಇದಕ್ಕೆ ಒಂದೇ ಸಲ."

"ಅಪಾ, ಅದನ್ನ ಸಂಜೆ ವಾಪಸು ಕೊಟ್ಟುಬರ್ತೀನಿ. ಇವತ್ತೇ ಇಲ್ಲಿ ಹೇಳಿಬಿಟ್ಟು..."

"ಯಾಕೆ ಕೊಡ್ತೀಯಾ? ಮನೇಲಿರೋ ಗಂಡಸನ್ನ ಅಂಗಡಿಗೆ ವಾಪಸು ಕೊಡ್ತಾರಾ?" ಆಮೇಲೆ ದನಿ ಬಿಗಿಯಾಯಿತು. "ಕೇಳು. ಕರೆಯೋದು ನಾನು. ನೀನು ಕರೆಯೋ ಹಾಗಿಲ್ಲ, ನೀನು ಸೊಸೆ. ಇನ್ನು ನಾನು ಬಗ್ಗಲ್ಲ. ರೊಟ್ಟಿ ಚೂರು ಇರೋ ಕಡೆ ನಿಲ್ಲು ಅಂತೀನಿ, ನಿಲ್ಲತ್ತೆ. ಚೂರು ನೀನು ಸಂಜೆ ಬಂದು ಆರಿಸ್ಕೋ. ಮಧ್ಯಾಹ್ನ ಬರ್ಬೇಡ, ಪಕ್ಕದ ಮನೆಯೋರು ಇದನ್ನ ನೋಡಕ್ಕೆ ಬರ್ತಿದಾರೆ. ಶಮಾಲ್! ಅಲ್ಲಿ ಅಲ್ಲ ಅಂದ್ನಲ್ಲ, ಇಲ್ಲಿ..."

ಫೋನ್ ಇಟ್ಟದ್ದೂ ಆ ಬೈಗುಳದ ನಡುವೆಯೇ.

ಮುಖ್ಯಸ್ಥೆ ಬಾಗಿಲಲ್ಲಿ ನಿಂತಿದ್ದಳು. "ಏನೋ ಹೇಳಕ್ಕಿದೆ ಅಂದ್ಯಂತೆ?"

"ಏನಿಲ್ಲ ಅಕ್ಕ. ಬಂದಿದೀನಿ ಅಂತ ಹೇಳಕ್ಕೆ." ಬೆರ್ಮೆತ್ ಕೂತು, ಜೇಬಿನ ಕಾಗದ ತೆಗೆದು, ಅದರ ಬೆನ್ನಿನ ಮೇಲೆ ಮುಂದಿನ ತಟ್ಟೆಯ ಕೊಳವೆಗಳ ಸಂಖ್ಯೆ ಬರೆಯತೊಡಗಿದಳು.

ಕಿಟಕಿ ಧಡಾರನೆ ಬಡಿಯಿತು. ಪಕ್ಕದ ಮೇಜಿನವಳು ಎದ್ದು ಹೋಗಿ ಅದರ ಚಿಲಕ ಹಾಕಿದಳು. "ಎಂಥ ಶಮಾಲ್ ಮಾರಾಯ್ತಿ ಇವತ್ತು!"

"ಹೌದು" ಎಂದಳು ಬೆರ್ಮೆತ್ ತಲೆ ಎತ್ತದೆ. "ಬೀಸೋದು ಜೋರಾಗೇ ಇದೆ."