ಚಿಕ್ಕಹನುಮಯ್ಯನ ಬದು

ಬದುವಿನ ಜಗಳ ಅಂದರೆ ಬದು ಇರಬೇಕು, ಹೊಲ ಇರಬೇಕು, ಕೊನೇಪಕ್ಷ ಒಂದು ಗರಿಕೆಯಾದರೂ ಇರಬೇಕು ಅಂತ ನೀವು ಅಂದುಕೊಂಡಿದ್ದರೆ, ಹುಣಸೆಪಾಳ್ಯಕ್ಕೆ ಬಂದಿಲ್ಲ ಅಂತ ಅರ್ಥ. ನಾಗರಬಾವಿ ದಾಟಿ ಕೆಂಗೇರಿ ಕಡೆ ಹೊರಟರೆ ಮೂರು ಪಿಜಿ, ಎರಡು ಜಿಮ್ಮು, ಒಂದು ಕಲ್ಯಾಣಮಂಟಪ ಆದಮೇಲೆ ಸಿಗುವ ಊರು ಅದು. ಅಲ್ಲಿ ಉಗ್ರಪ್ಪ, ಚಿಕ್ಕಹನುಮಯ್ಯ ಅನ್ನುವ ಇಬ್ಬರು ಮುದುಕರು ಒಂದು ನೇಗಿಲ ಸಾಲಿಗೋಸ್ಕರ ಐವತ್ತು ವರ್ಷ ಕಿತ್ತಾಡಿದರು. ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ಅಲ್ಲಿ ಹೊಲವೇ ಇರಲಿಲ್ಲ.

ಇಬ್ಬರದ್ದೂ ಅಕ್ಕಪಕ್ಕದ ಹೊಲ. ಒಂದು ಮುಂಗಾರಿನಲ್ಲಿ ಉಗ್ರಪ್ಪನ ಅಪ್ಪ ಬದು ಒತ್ತಿ ಒಂದು ಸಾಲು ಜಾಸ್ತಿ ಉತ್ತ ಅನ್ನುವುದು ಚಿಕ್ಕಹನುಮಯ್ಯನ ವಾದ. ಅದಕ್ಕೂ ಮುಂಚೆ ನಿಮ್ಮಪ್ಪ ಒತ್ತಿದ್ದ, ನಮ್ಮಪ್ಪ ವಾಪಸ್ಸು ತಗೊಂಡ ಅಷ್ಟೇ ಅನ್ನುವುದು ಉಗ್ರಪ್ಪನ ವಾದ. ಉಗ್ರಪ್ಪನ ಅಪ್ಪ ಪ್ರಾಣ ಬಿಡುವಾಗ ಮಗನ ಕೈ ಹಿಡಿದು, ಹೆಂಡತಿ ಮಕ್ಕಳ ಸುದ್ದಿ ಎತ್ತದೆ, "ಆ ಸಾಲು ಬಿಡಬೇಡ ಕಣ್ಲಾ" ಅಂತ ಹೇಳಿ ಕಣ್ಣು ಮುಚ್ಚಿದ್ದ. ಆಮೇಲೆ ಲೇಔಟ್ ಬಂತು, ಇಬ್ಬರ ಹೊಲವೂ ಹೋಯಿತು, ಅದರ ಮೇಲೆ ಒಂದು ಸೂಪರ್ ಮಾರ್ಕೆಟ್ ಎದ್ದಿತು. ಅಲ್ಲಿಗೆ ಜಗಳ ಮುಗಿಯಿತು ಅಂತ ಊರೇ ನಿಟ್ಟುಸಿರು ಬಿಟ್ಟಿತು. ಎಲ್ಲಿ ಮುಗಿಯುತ್ತೆ ಸ್ವಾಮಿ?

ಅಂಗಡಿ ಬಾಗಿಲು ತೆಗೆದ ಮೊದಲನೇ ದಿನವೇ ಇಬ್ಬರೂ ಒಳಗೆ ಹೋಗಿ ಹೆಜ್ಜೆ ಹಾಕಿ ಅಳೆದರು. ಅಕ್ಕಿ, ಬೇಳೆ ಇರುವ ಕಡೆ ಚಿಕ್ಕಹನುಮಯ್ಯನ ಹೊಲ, ಸೋಪು, ಪೊರಕೆ ಇರುವ ಕಡೆ ಉಗ್ರಪ್ಪನದು. ಇದರಲ್ಲಿ ತಕರಾರಿಲ್ಲ. ತಕರಾರೆಲ್ಲ ನಡುವೆ ಇರುವ ಬಿಸ್ಕತ್ತಿನ ರ‍್ಯಾಕಿನದು. ಅವತ್ತಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತುವ ಹೊತ್ತಿಗೆ ಇಬ್ಬರೂ ಹಾಜರು. ಒಬ್ಬ ಅಕ್ಕಿ ಮೂಟೆಗೆ ಒರಗಿಕೊಂಡು, ಇನ್ನೊಬ್ಬ ಪೊರಕೆ ಪಕ್ಕ ಸ್ಟೂಲು ಹಾಕಿಕೊಂಡು ಶುರು ಮಾಡುತ್ತಿದ್ದರು.

"ಕಾಲು ತೆಗೀಲಾ, ನನ್ನ ಹೊಲಕ್ಕೆ ಬಂದೈತೆ."

"ನಿನ್ನ ಹೊಲಾನಾ? ಕಂಬದಿಂದ ಹದಿನಾರು ಹೆಜ್ಜೆ ಎಣಿಸ್ಲಾ. ಎಣಿಸೋಕೆ ಬಂದ್ರೆ ತಾನೆ."

ಬಿಲ್ ಹಾಕುವ ಮಾನಸ ಮೊದಮೊದಲು ಹೆದರಿದಳು. ಆಮೇಲೆ ಅವಳೇ ಇಬ್ಬರಿಗೂ ಟೀ ತರಿಸತೊಡಗಿದಳು. ಉಗ್ರಪ್ಪನಿಗೆ ಬಿಸ್ಕತ್ತು ಬೇಕಾದರೆ ಅವಳನ್ನೇ ಕರೆಯುತ್ತಿದ್ದ. ತಾನೇ ಕೈ ಹಾಕಿ ತೆಗೆದುಕೊಂಡರೆ ದುಡ್ಡು ಕೊಡಬೇಕು, ಸ್ವಂತ ಹೊಲದ್ದಕ್ಕೆ ದುಡ್ಡು ಕೊಟ್ಟರೆ ಸೋತಂತೆ ಅಂತ ಅವನ ಲೆಕ್ಕ. ಅವಳು ತಂದುಕೊಟ್ಟರೆ ದುಡ್ಡು ಅವಳ ಕೂಲಿಗೆ ಕೊಟ್ಟಂತೆ, ಪರವಾಗಿಲ್ಲವಂತೆ. ಏನು ತಲೆ ನೋಡಿ.

ಚಿಕ್ಕಹನುಮಯ್ಯನೇನು ಕಮ್ಮಿ ಇರಲಿಲ್ಲ. ಹೊಲ ಹೋದರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಎಲ್ಲಿ ಖಾಲಿ ಸೈಟು ಕಂಡರೂ ರಾಗಿ ಚೆಲ್ಲುವುದು, ದಂಟಿನ ಸೊಪ್ಪು ಹಾಕುವುದು. ಒಂದು ಸಲ ಮಹಾಲಕ್ಷ್ಮಿ ಲೇಔಟಿನ ಬ್ಯಾಂಕ್ ಆಫೀಸರೊಬ್ಬರು ತಮ್ಮ ಸೈಟು ನೋಡಿಕೊಂಡು ಹೋಗೋಣ ಅಂತ ಕಾರಲ್ಲಿ ಬಂದರೆ, ಮೊಣಕಾಲುದ್ದ ರಾಗಿ ನಿಂತಿದೆ. "ಪೈರಲ್ಲಿ ಬೂಟು ಹಾಕ್ಕೊಂಡು ಇಳೀತೀರಲ್ಲ, ನಿಮಗೇನು ಬುದ್ಧಿ ಇಲ್ವಾ?" ಅಂತ ಚಿಕ್ಕಹನುಮಯ್ಯ ಗದರಿಸಿದ. ಪಾಪ, ಆಫೀಸರು ತಮ್ಮ ಸೈಟಿನಲ್ಲೇ ಸಾರಿ ಕೇಳಿ, ಎರಡು ಕಟ್ಟು ಸೊಪ್ಪು ಇಸಕೊಂಡು ಮನೆಗೆ ಹೋದರು. ಆ ಸುದ್ದಿ ಕೇಳಿ ಉಗ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಕ್ಕಹನುಮಯ್ಯನ ಎದುರಿಗೆ ಮಾತ್ರ ನಗಲಿಲ್ಲ.

ಹೋದ ವರ್ಷ ಜಗಳ ಜೋರಾಯಿತು. ಅಂಗಡಿಯವರು ಬಿಸ್ಕತ್ತಿನ ರ‍್ಯಾಕನ್ನು ಒಂದು ಮೊಳ ಸರಿಸಿದ್ದೇ ಕಾರಣ. ಇದು ಉಗ್ರಪ್ಪನ ಕಿತಾಪತಿ ಅಂತ ಚಿಕ್ಕಹನುಮಯ್ಯ ಕೆಂಡವಾದ. ಹೆಂಡತಿ ಮುನಿತಾಯಮ್ಮ, ಮಗ ಮಹದೇವ, ಸಾಮಾನಿಗೆ ಬಂದ ಅರ್ಧ ಊರು, ಎಲ್ಲರ ಎದುರಿಗೆ ಹೇಳಿದ: "ನಾನು ಸತ್ರೆ ಇವನು ನನ್ನ ಗುಂಡಿಗೆ ಮಣ್ಣು ಹಾಕಂಗಿಲ್ಲ. ಹಾಕ್ಲೇಬೇಕು ಅಂದ್ರೆ ಆ ಸಾಲು ಚಿಕ್ಕಹನುಮಯ್ಯಂದು ಅಂತ ಬಾಯ್ಬಿಟ್ಟು ಹೇಳಿ ಹಾಕ್ಲಿ."

"ನಿನ್ನ ಗುಂಡಿಗೆ ಮಣ್ಣು ಹಾಕೋಕೆ ಯಾರ್ಲಾ ಕಾಯ್ತಾ ಕೂತವ್ರೆ," ಅಂದ ಉಗ್ರಪ್ಪ. ಮಾರನೇ ದಿನ ಹತ್ತಕ್ಕೆ ಇಬ್ಬರೂ ಮತ್ತೆ ಹಾಜರು.

ಹೀಗಿರುವಾಗ ಮೊನ್ನೆ ಸೋಮವಾರ ಹತ್ತು ಹೊಡೆದರೂ ಚಿಕ್ಕಹನುಮಯ್ಯ ಬರಲಿಲ್ಲ. ಉಗ್ರಪ್ಪನಿಗೆ ಖುಷಿಯೋ ಖುಷಿ. "ನೋಡಮ್ಮ, ಹೆದರ್ಕೊಂಡ," ಅಂತ ಮಾನಸಳಿಗೆ ಹೇಳಿ, ಬಿಸ್ಕತ್ತಿನ ರ‍್ಯಾಕಿನ ಮುಂದೆ ಸ್ಟೂಲು ಎಳೆದುಕೊಂಡು ಮಹಾರಾಜನ ಹಾಗೆ ಕೂತ. ಹತ್ತೂವರೆ ಆಯಿತು. ಟೀ ಆರಿತು. ಹನ್ನೊಂದಕ್ಕೆ ಮಹದೇವನ ಫೋನು ಬಂತು. ಜಗಲಿ ಮೇಲೆ ಕೂತು ಕಾಫಿ ಕುಡಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಅಂಗಡಿಗೆ ಹೊರಟೆ ಅಂದವನು ಹಾಗೇ ಗೋಡೆಗೆ ಒರಗಿದನಂತೆ. ಎಂಬತ್ತಮೂರು ವರ್ಷ. ಒಂದು ಇಂಜೆಕ್ಷನ್ನಿಗೂ ಕೈಯೊಡ್ಡದ ಜೀವ.

"ಸುಳ್ಳು," ಅಂದ ಉಗ್ರಪ್ಪ. "ಇದೂ ಅವನದೊಂದು ನಾಟಕ." ಅಂದವನೇ ಚಪ್ಪಲಿ ಮರೆತು ಬರಿಗಾಲಲ್ಲಿ ಹೊರಟ.

ನಾಟಕ ಅಲ್ಲ ಅಂತ ಮನೆ ಮುಂದಿನ ಶಾಮಿಯಾನ ನೋಡಿದಾಗಲೇ ಗೊತ್ತಾಯಿತು. ಉಗ್ರಪ್ಪ ಒಳಗೆ ಹೋಗಲಿಲ್ಲ. ತಮಟೆಯವರ ಹಿಂದೆ, ಯಾರಿಗೂ ಕಾಣದ ಹಾಗೆ ನಿಂತ. ಮೆರವಣಿಗೆ ಹೊರಟಾಗ ಅವನೂ ಹೊರಟ. ಅವನ ಎದೆಯಲ್ಲಿ ಒಂದೇ ಯೋಚನೆ: ಊರಲ್ಲಿ ಯಾರು ಸತ್ತರೂ ಪ್ರತಿ ಮನೆಯವರು ಮೂರು ಹಿಡಿ ಮಣ್ಣು ಹಾಕಬೇಕು. ಹಾಕದಿದ್ದರೆ ಹಗೆ ಸಾವಿನ ಆಚೆಗೂ ನಿಂತಿತು ಅಂತ ಅರ್ಥ. ತನ್ನ ಮಣ್ಣಿಲ್ಲದೆ ಇವನು ಹೋಗಿಬಿಟ್ಟರೆ? ಆದರೆ ಹಾಕಬೇಕಾದರೆ ಸಾಲು ಬಿಡಬೇಕು. ಬಿಟ್ಟರೆ ಅಪ್ಪನಿಗೆ ಏನು ಹೇಳುವುದು?

ಸ್ಮಶಾನದಲ್ಲಿ ಗುಂಡಿ ಸಿದ್ಧವಾಗಿತ್ತು. ಈಗೆಲ್ಲ ಗುದ್ದಲಿ ಎಲ್ಲಿ, ಜೆಸಿಬಿಯೇ ತೋಡುವುದು. ಅದರ ಡ್ರೈವರ್ ರುದ್ರೇಶ ಮಣ್ಣು ಮುಚ್ಚುವುದಕ್ಕೆ ಅಂತ ಗಾಡಿಯಲ್ಲೇ ಕೂತಿದ್ದ. ಮಗ ಹಾಕಿದ, ನೆಂಟರು ಹಾಕಿದರು, ಊರವರು ಹಾಕಿದರು. ಉಗ್ರಪ್ಪ ಮೆಲ್ಲಗೆ ಬಂದು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡ.

"ಮಾವ," ಅಂದ ಮಹದೇವ ತಲೆ ತಗ್ಗಿಸಿ. "ಅಪ್ಪ ಹೇಳಿದ್ದು ನಿಮಗೂ ಗೊತ್ತು. ನನ್ನ ಕೈಲಿ ಮೀರೋಕಾಗಲ್ಲ."

ಉಗ್ರಪ್ಪ ಮುನಿತಾಯಮ್ಮನ ಮುಖ ನೋಡಿದ. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಒಂದು ಮಾತು ಹೇಳಿ ಹಾಕಣ್ಣ. ನಾನೇನು ನಿನ್ನ ಆಸ್ತಿ ಕೇಳ್ತಾ ಇಲ್ಲ."

"ಅರ್ಧ ಸಾಲು ಅಂತ ಒಪ್ಕೋತೀನಿ ತಾಯಮ್ಮ."

"ಅರ್ಧ ಅವರು ಕೇಳಿರ್ಲಿಲ್ಲ."

"ಮುಕ್ಕಾಲು."

ಮುನಿತಾಯಮ್ಮ ಬೇಡ ಅಂತ ತಲೆಯಾಡಿಸಿದಳು. ಸುತ್ತ ನಿಂತವರು ಸುಮ್ಮನಿರುತ್ತಾರೆಯೇ? ಕೊಡಬೇಡ ಅಂತ ಇಬ್ಬರು, ಬಿಟ್ಟುಬಿಡಪ್ಪ ಅಂತ ನಾಲ್ವರು. ಒಬ್ಬ ಮೊಬೈಲಲ್ಲಿ ಮ್ಯಾಪು ತೆಗೆದು ಬಿಸ್ಕತ್ತಿನ ರ‍್ಯಾಕು ಯಾವ ಸರ್ವೆ ನಂಬರಿಗೆ ಬರುತ್ತೆ ಅಂತ ಹುಡುಕತೊಡಗಿದ. ಪುರೋಹಿತರು ವಾಚು ನೋಡಿಕೊಂಡರು. "ಅಣ್ಣಾ, ಬೇಗ ಇತ್ಯರ್ಥ ಮಾಡ್ಕೊಳ್ಳಿ, ಬಾಪೂಜಿ ನಗರದಲ್ಲಿ ಒಂದು ಪಾಯ ತೆಗೆಯೋದೈತೆ," ಅಂದ ರುದ್ರೇಶ ಮೇಲಿನಿಂದ.

ಉಗ್ರಪ್ಪನ ಮುಷ್ಟಿಯಿಂದ ಮಣ್ಣು ಸೋರುತ್ತಿತ್ತು. ಅವನು ಗುಂಡಿಯ ಅಂಚಿಗೆ ಬಂದು ಕೆಳಗೆ ನೋಡಿದ. ಹೂವಿನ ನಡುವೆ ಆ ಮುಖ, ಅದೇ ಮೊಂಡು ಗದ್ದ.

"ನಿಂದೇ ಕಣ್ಲಾ," ಅಂದ ಮೆಲ್ಲಗೆ.

"ಕೇಳಿಸ್ಲಿಲ್ಲ," ಅಂದಳು ಮುನಿತಾಯಮ್ಮ.

"ಆ ಸಾಲು ನಿಂದೇ ಕಣ್ಲಾ ಚಿಕ್ಕ," ಅಂತ ಉಗ್ರಪ್ಪ ಸ್ಮಶಾನಕ್ಕೆಲ್ಲ ಕೇಳುವ ಹಾಗೆ ಕೂಗಿ ಹೇಳಿದ. "ನಮ್ಮಪ್ಪನೇ ಒತ್ತಿದ್ದು. ನಾನೇ ಎತ್ತು ಹಿಡ್ಕೊಂಡಿದ್ದೆ. ನನ್ನ ಕಣ್ಣಾರೆ ನೋಡಿದ್ದೆ."

ಊರವರು ಬಾಯಿ ಬಿಟ್ಟುಕೊಂಡು ನಿಂತರು. ಐವತ್ತು ವರ್ಷ ಗೊತ್ತಿದ್ದೂ ವಾದ ಮಾಡಿದನಲ್ಲ ಈ ಭೂಪ ಅಂತ ಯಾರೋ ಹಿಂದಿನಿಂದ ಗೊಣಗಿದರು. ಮಹದೇವ ದಾರಿ ಬಿಟ್ಟ. ಉಗ್ರಪ್ಪ ಮೂರು ಹಿಡಿ ಮಣ್ಣು ಹಾಕಿದ. ಹಾಕಿ ಅಲ್ಲೇ ನಿಂತ.

"ಆಯ್ತಲ್ಲ ಮಾವ, ಈಚೆ ಬನ್ನಿ," ಅಂತ ಮಹದೇವ ತೋಳು ಹಿಡಿದ.

ಉಗ್ರಪ್ಪ ಕದಲಲಿಲ್ಲ. ಗುಂಡಿಯೊಳಗೇ ನೋಡುತ್ತಿದ್ದ. ಏನು ಹೇಳಿದರೂ ಆ ಬಾಯಿಂದ ತಕ್ಷಣ ಒಂದು ಎದುರುಮಾತು ಬರುತ್ತಿತ್ತು, ಅದಕ್ಕೇ ಕಾಯುತ್ತಿದ್ದ ಅಂತ ಕಾಣುತ್ತೆ. ಅದು ಬರಲಿಲ್ಲ. ಅವನು ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ.

"ಏನಾದ್ರೂ ಅನ್ಲಾ," ಅಂದ. "ಇಲ್ಲ ಅಂತಾದ್ರೂ ಅನ್ಲಾ."

ರುದ್ರೇಶ ಜೆಸಿಬಿ ಆಫ್ ಮಾಡಿ ಕೆಳಗಿಳಿದು, ಯಾರಿಂದಲೋ ಗುದ್ದಲಿ ಇಸಕೊಂಡು, ತಾನೇ ಮೆಲ್ಲಗೆ ಗುಂಡಿಗೆ ಮಣ್ಣು ಎಳೆಯತೊಡಗಿದ.