ತಗ್ಗಿನ ಗಾಂಧಾರ

ನಲವತ್ತೊಂದನೇ ವಯಸ್ಸಿನಲ್ಲಿ ನಾನು ಕೊಳಲು ಕಲಿಯಲು ಸ್ಕಾಟ್ಲೆಂಡಿಗೆ ಹೊರಟಾಗ ಹೊಳಲ್ಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನ ನಮ್ಮ ಆಫೀಸಿನಲ್ಲಿ ನಗದವರೇ ಇಲ್ಲ. ‘ಅನುಸೂಯಾ, ಊದಕ್ಕೆ ಇಲ್ಲಿ ಗಾಳಿ ಸಾಲ್ದೇನೇ?’ ಎಂದು ಪಕ್ಕದ ಮನೆಯ ಕೆಂಚಕ್ಕ ಕೇಳಿದಳು. ನಾನೂ ನಕ್ಕೆ. ಒಳಗೊಳಗೆ ಮಾತ್ರ ನನಗೆ ಕೊಂಬು ಬಂದಿತ್ತು. ಅದು ೨೦೦೧ನೇ ಇಸವಿ.

ಕೋಟೆ ನೋಡಲು ಚಿತ್ರದುರ್ಗಕ್ಕೆ ಬಂದಿದ್ದ ಆ ದೇಶದ ಹೆಂಗಸೊಬ್ಬಳು ಹೊರಕೆರೆದೇವಪುರದಲ್ಲಿ ನಮ್ಮ ನಾಟಕದ ತಾಲೀಮಿನಲ್ಲಿ ನನ್ನ ಕೊಳಲು ಕೇಳಿ ಮೆಚ್ಚಿ, ತಾನೇ ಅರ್ಜಿ ತರಿಸಿ, ವಿಮಾನದ ಟಿಕೆಟ್ಟನ್ನೂ ಕಳಿಸಿದ್ದಳು. ವಯಸ್ಸಾದ ಮೇಲೆ ಕೊಳಲು ಹಿಡಿದವರಿಗೆಂದೇ ನಡೆಯುವ ಹತ್ತು ದಿನದ ಶಿಬಿರ. ಅಲ್ಲೇ ಊಟ, ಅಲ್ಲೇ ನಿದ್ದೆ, ಬೆಳಗಿನಿಂದ ಸಂಜೆಯವರೆಗೆ ಕೊಳಲು.

ನನ್ನ ಕೊಳಲು ಅಂಗಡಿಯದಲ್ಲ. ಹೊರಕೆರೆದೇವಪುರದ ಹಾರ್ಮೋನಿಯಂ ಮೇಷ್ಟ್ರು ಮುರುಗಪ್ಪನವರು ಕಾದ ಕಂಬಿಯಿಂದ ಒಂದೊಂದೇ ತೂತು ಸುಟ್ಟು, ಪ್ರತಿ ತೂತಿಗೂ ತಮ್ಮ ಹಾರ್ಮೋನಿಯಂ ಒತ್ತಿ ನೋಡಿ, ಹೊಂದಿಸಿ ಮಾಡಿಕೊಟ್ಟದ್ದು. ಸುತ್ತಲ ಹಳ್ಳಿಗಳಿಗೆಲ್ಲ ನಾಟಕ ಕಲಿಸಿದವರು ಅವರು. ಅವರೇ ಕಟ್ಟಿದ ಹನ್ನೊಂದು ಮಟ್ಟುಗಳಿದ್ದವು. ಗಂಟಲು ಹೋದ ಮೇಲೆ ಅವನ್ನು ಹಾಡಿ ತೋರಿಸಲು ಅವರಿಗಿದ್ದದ್ದು ನನ್ನ ಕೊಳಲೊಂದೇ. ನಾನು ವಾಪಸು ಬಂದ ಕೂಡಲೇ ಇಬ್ಬರೂ ಚಿತ್ರದುರ್ಗಕ್ಕೆ ಹೋಗಿ ಕ್ಯಾಸೆಟ್ ಮಾಡಿಸುವುದೆಂದು ದಿನವೂ ನಿಗದಿಯಾಗಿತ್ತು. ‘ನಾ ಹೋದ್ ಮ್ಯಾಲೂ ಮಟ್ಟು ಇರ್ಬೇಕು ಕಣವ್ವ’ ಎನ್ನುತ್ತಿದ್ದರು.

ಆ ಹಾರ್ಮೋನಿಯಂನ ಗಾಂಧಾರ, ಅಂದರೆ ಸರಿಗಮದ ಮೂರನೇ ಸ್ವರ, ಕೂದಲೆಳೆಯಷ್ಟು ತಗ್ಗು. ಒಳಗೆ ಆ ಸ್ವರ ನುಡಿಸುವ ಹಿತ್ತಾಳೆಯ ಪಟ್ಟಿ, ಅಂದರೆ ರೀಡು, ಹಳತಾಗಿ ಇಳಿದಿತ್ತೋ ಏನೋ. ಆದರೆ ಮೂವತ್ತು ವರ್ಷ ಅದನ್ನೇ ಕೇಳಿ ಕಲಿತ ನಮ್ಮ ಕಡೆಯ ನಾಟಕದ ರಾಜ ರಾಣಿಯರೆಲ್ಲ ಆ ತಗ್ಗಿನಲ್ಲೇ ಅಳುತ್ತಿದ್ದರು. ಹಾಗೆ ಅತ್ತರೇ ಕೂತ ನಮಗೂ ಅಳು ಬರುತ್ತಿತ್ತು. ನನ್ನ ಕೊಳಲಿಗೂ ಅದೇ ಗಾಂಧಾರ.

ಶಿಬಿರದಲ್ಲಿ ಇಪ್ಪತ್ತೆರಡು ಜನ. ಹಲ್ಲಿನ ಡಾಕ್ಟರು, ರಿಟೈರಾದ ಪೋಸ್ಟ್‌ಮಾಸ್ಟರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು. ಎಲ್ಲರದೂ ಬೆಳ್ಳಿ ಬಣ್ಣದ ಕೊಳಲು, ನನ್ನದೊಂದೇ ಬಿದಿರು. ನಾನೊಬ್ಬಳೇ ಊದಿದಾಗ ಕಣ್ಣು ಮುಚ್ಚಿ ಕೇಳಿದರು. ಐದನೇ ದಿನ ಎಲ್ಲರೂ ಕೂಡಿ ಊದಿದಾಗ ಮಿಕ್ಕ ಸ್ವರಗಳೆಲ್ಲ ಕೂಡಿದವು, ಗಾಂಧಾರ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ಪಕ್ಕದಲ್ಲಿದ್ದ ಪೋಸ್ಟ್‌ಮಾಸ್ಟರು ನನ್ನ ಕಡೆ ತಿರುಗಿ, ತಕ್ಷಣ ಮುಖ ಆಚೆ ಮಾಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮರ್ಯಾದೆ ತಡೆಯಲಾಗಲಿಲ್ಲ.

ಕಲಿಸುವ ಹೆಂಗಸು ಬಲು ಒಳ್ಳೆಯವಳು. ಸ್ವರ ಅಳೆಯುವ, ಮುಳ್ಳಾಡುವ ಪುಟ್ಟ ಯಂತ್ರವಿಟ್ಟು ಪರೀಕ್ಷೆ ಮಾಡಿ ಎರಡು ದಾರಿ ಹೇಳಿದಳು. ಆ ಸ್ವರ ಬಂದಾಗಲೆಲ್ಲ ನಾನು ಸುಮ್ಮನಿರಬಹುದು, ಉಳಿದವರು ನೋಡಿಕೊಳ್ಳುತ್ತಾರೆ. ಇಲ್ಲವೇ ತೂತನ್ನು ಅರದಿಂದ ಉಜ್ಜಿ ಒಂದಿಷ್ಟು ಅಗಲ ಮಾಡಿ ಸ್ವರ ಏರಿಸಬಹುದು. ‘ನಿಮ್ಮ ಇಷ್ಟ. ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ’ ಎಂದಳು.

ಒಂದೇ ಒಂದು ಸ್ವರಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ದರಿದ್ರ ಜಂಬ ಬಿಡಲಿಲ್ಲ. ಅರ ಇಸಿದುಕೊಂಡು ನಾನೇ ಉಜ್ಜಿದೆ. ಕೊನೆಯ ದಿನ ಎಲ್ಲ ಕೂಡಿತು, ಚಪ್ಪಾಳೆ ಬಿತ್ತು, ಪೋಸ್ಟ್‌ಮಾಸ್ಟರು ಕೈ ಕುಲುಕಿದರು. ಆ ಖುಷಿ ವಿಮಾನ ಹತ್ತುವ ತನಕ ಇತ್ತು.

ಊರಿಗೆ ಬಂದು ತೂತಿನ ಅಂಚಿಗೆ ಮೇಣ ಮೆತ್ತಿ ನೋಡಿದೆ. ನೆಗಡಿಯಾದವರ ದನಿ ಬಂತು. ಮೇಣ ಕೆರೆದು ತೆಗೆದು, ಭಾನುವಾರದ ಬಸ್ಸಿಗೆ ಮೇಷ್ಟ್ರ ಮನೆಗೆ ಹೋದೆ.

‘ಬಾರವ್ವ, ಕುಂತ್ಕ. ಮದ್ಲು ಊದು, ಆಮ್ಯಾಕೆ ಮಾತು’ ಎಂದರು.

ಊದಿದೆ. ಗಾಂಧಾರಕ್ಕೆ ಬಂದಾಗ ಹಾರ್ಮೋನಿಯಂ ಮೇಲೆ ಅವರ ಬೆರಳು ನಿಂತಿತು. ಇನ್ನೊಮ್ಮೆ ಒತ್ತಿ ನೋಡಿದರು. ‘ಇದ್ಕೇನಾತವ್ವ?’

‘ಅಲ್ಲಿ ಚಳಿ ಜಾಸ್ತಿ ಮೇಷ್ಟ್ರೇ. ಬಿದಿರಿಗೆ ಏನೋ ಆಗೈತೆ.’

ಅವರು ಕೊಳಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಸುಟ್ಟ ತೂತು ಕರ್ರಗಿರ್ತೈತೆ ಕಣವ್ವ. ಇದೊಂದು ಬೆಳ್ಳಗೈತೆ’ ಎಂದರು. ಸುಳ್ಳು ಹೇಳಿದೆ ಎಂದು ಮಾತ್ರ ಅನ್ನಲಿಲ್ಲ. ಇನ್ನೊಂದು ಕೊಳಲು ಮಾಡೋಣವೆಂದರೆ ಅವರ ಕೈ ನಡುಗುತ್ತಿತ್ತು, ಲೋಟ ಹಿಡಿದರೆ ಕಾಫಿ ಚೆಲ್ಲುತ್ತಿತ್ತು. ಕೊಳಲನ್ನು ನನ್ನ ಕೈಗೆ ಕೊಟ್ಟು, ‘ಇರ್ಲಿ ಬಿಡು, ತಿಳಿದೋರು ಸರಿ ಮಾಡಿ ಕಳ್ಸವ್ರೆ. ನನ್ ಹಾರ್ಮೋನಿನೇ ತಗ್ಗೈತೆ. ಅದನ್ನೇ ಏರ್ಸಾಣ’ ಎಂದರು.

ಬೇಡ ಮೇಷ್ಟ್ರೇ ಎನ್ನಬೇಕಿತ್ತು. ಉಜ್ಜಿದವಳು ನಾನೇ ಎನ್ನಬೇಕಿತ್ತು. ಎರಡೂ ಬಾಯಿಗೆ ಬರಲಿಲ್ಲ.

ಹಾರ್ಮೋನಿಯಂ ಬಿಚ್ಚಿ, ಆ ನಡುಗುವ ಕೈಯಲ್ಲೇ ಗಾಂಧಾರದ ಹಿತ್ತಾಳೆ ರೀಡಿನ ತುದಿಯನ್ನು ಅರದಿಂದ ಉಜ್ಜಿದರು. ಮೂರನೇ ಸಲಕ್ಕೆ ಅದು ಪಟ್ಟನೆ ಮುರಿಯಿತು. ಹೊಸ ರೀಡು ಹಾಕಿಸಿಕೊಂಡು ಮುಂದಿನ ತಿಂಗಳು ಕ್ಯಾಸೆಟ್ಟಿಗೆ ಹೋಗೋಣವೆಂದೆ. ‘ಮುಂದಿನ ತಿಂಗ್ಳಿಗೆ ಈ ಕೈ ಇನ್ನೂ ಜಾಸ್ತಿ ನಡುಗ್ತೈತೆ. ಹೋಗಾಣ ನಡಿ’ ಎಂದರು.

ಗುರುವಾರ ಚಿತ್ರದುರ್ಗದಲ್ಲಿ ಹಾಗೆಯೇ ಕ್ಯಾಸೆಟ್ ಆಯಿತು. ಗಾಂಧಾರ ಬಂದಾಗಲೆಲ್ಲ ಮೇಷ್ಟ್ರು ಬೆರಳೆತ್ತಿ ಸುಮ್ಮನಿದ್ದರು, ನನ್ನ ಕೊಳಲೊಂದೇ ನುಡಿಯಿತು. ನಾನು ಅಷ್ಟು ದೂರ ಹೋಗಿ ಒಂದು ಸ್ವರಕ್ಕೆ ಮಾಡಲಾರದ್ದನ್ನು ಅವರು ಹನ್ನೊಂದು ಮಟ್ಟಿಗೂ ಮಾಡಿದರು. ಎರಡು ವರ್ಷಕ್ಕೆ ತೀರಿಕೊಂಡರು. ಅವರಿಗೆ ನಿಜ ಹೇಳಲು ನನಗೆ ನೂರು ಭಾನುವಾರ ಸಿಕ್ಕಿತ್ತು, ಹೇಳಲಿಲ್ಲ.

೨೦೦೮ರಲ್ಲಿ ಈಗಿನ ನಾಟಕದ ಮೇಷ್ಟ್ರು ಉಗ್ರಪ್ಪ ತಾಲೀಮಿಗೆ ಕರೆದ. ಮುರುಗಪ್ಪ ಮೇಷ್ಟ್ರ ಮಟ್ಟಿನಲ್ಲಿ, ಮಗನನ್ನು ಕಳೆದುಕೊಂಡ ರಾಣಿಯ ಹಾಡು. ರಾಣಿಯ ಪಾತ್ರದ ಮಂಗಳಾ ಚೆನ್ನಾಗಿಯೇ ಹಾಡಿದಳು. ಗಾಂಧಾರ ಮೇಲಕ್ಕೆ ಹೋಯಿತು. ತಡೆಯಲಾರದೆ, ಹಳೆಯ ತಗ್ಗಿನ ಗಾಂಧಾರವನ್ನು ನಾನೇ ಗುನುಗಿ ತೋರಿಸಿದೆ.

‘ಅದು ಅಪಸ್ವರ ಆಗ್ತೈತೆ ಕಣಕ್ಕ’ ಎಂದ ಉಗ್ರಪ್ಪ. ‘ಕ್ಯಾಸೆಟ್ಟಿನಾಗೆ ಮೇಷ್ಟ್ರು ಅಲ್ಲಿ ಕೈ ಎತ್ತಿ ನಿಮ್ ಕೊಳಲಿಗೇ ಬಿಟ್ಕೊಟ್ಟವ್ರೆ. ನಾವೆಲ್ಲ ಅದನ್ನ ಕೇಳೇ ಕಲ್ತಿದ್ದು.’

‘ಅದು ಮೇಷ್ಟ್ರ ಸ್ವರ ಅಲ್ಲಪ್ಪ. ಅರ ತಗಂಡು ನಾನು ಉಜ್ಜಿದ್ದು, ನಾನೇ ಕೆಡಿಸಿದ್ದು’ ಎಂದೆ. ಏಳು ವರ್ಷದ ಮೇಲೆ ಬಾಯಿಗೆ ಬಂತು.

‘ನಿಮ್ದು ಬಲೇ ತಮಾಷೆ ಅಕ್ಕ’ ಎಂದು ಅವನು ನಕ್ಕ. ಮಂಗಳಾ ಆ ಸಾಲನ್ನು ಇನ್ನೊಮ್ಮೆ ಹಾಡಿದಳು, ನನ್ನ ಗಾಂಧಾರದಲ್ಲೇ, ಎಲ್ಲೂ ತಪ್ಪದೆ. ರಾಣಿ ಅತ್ತಳು. ಕೂತವರಲ್ಲಿ ಯಾರಿಗೂ ಅಳು ಬರಲಿಲ್ಲ.