ಮೂಲೆಯ ಹಾಸಿಗೆ

"ವೈಫೈ ಅಕ್ಕಾ, ನಿಮ್ಮ ಮಾವ ಮತ್ತೆ ಬೆರಳಿನ ಕ್ಲಿಪ್ ಕಿತ್ತು ಹಾಕಿದಾರೆ ಅನ್ಸುತ್ತೆ. ನನ್ನ ಟೇಬಲ್ಲಿನ ಪರದೆಯಲ್ಲಿ ಅವರ ನಾಡಿ ಗೆರೆನೇ ಇಲ್ಲ" ಎಂದಳು ವಾರ್ಡಿನ ನರ್ಸು ಫೋನಿನಲ್ಲಿ, ನಗುತ್ತಲೇ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಇಡೀ ಕಟ್ಟಡದ ವೈಫೈ ನೋಡಿಕೊಳ್ಳುವ ಅವಳೂ ನಕ್ಕಳು. ಮಾವ ಅಂಥವರೇ. ಎದೆನೋವೆಂದು ಸೇರಿಸಿದಾಗಿನಿಂದ ಗೊಣಗಾಟ ನಿಂತಿಲ್ಲ. ಇವತ್ತು ಬೆಳಿಗ್ಗೆ ಕಿಟಕಿ ಬೇಕೆಂದು ಹಟ ಹಿಡಿದರು. ಸೊಸೆ ಇಲ್ಲಿಯೇ ಕೆಲಸದಲ್ಲಿರುವಾಗ ಅಷ್ಟೂ ಆಗದೇ? ನರ್ಸಿಗೆ ಹೇಳಿ ಹಾಸಿಗೆಯನ್ನು ಮೂಲೆಗೆ ಹಾಕಿಸಿದಳು. ಹಾಸಿಗೆ ಪಕ್ಕದ ಮಾನಿಟರಿನ ಕುಂಯ್ ಕುಂಯ್ ತಲೆ ತಿನ್ನುತ್ತದೆ ಎಂದರು. ಯಾರಿಗೂ ಹೇಳದೆ ತಾನೇ ಅದರ ಸದ್ದು ಪೂರ್ತಿ ಇಳಿಸಿದಳು. ಹೇಗೂ ಎಲ್ಲ ವಿವರ ವೈಫೈ ಮೂಲಕ ನರ್ಸಿನ ಮೇಜಿಗೆ ಹೋಗುತ್ತದಲ್ಲ.

ಅಷ್ಟಕ್ಕೂ ಬಿಡಲಿಲ್ಲ ಅವರು. ನೋಡಲು ಬಂದವರೆಲ್ಲರ ಎದುರು, "ಏನಮ್ಮಾ, ನಿನ್ನ ವೈಫೈಗಿಂತ ಎತ್ತಿನ ಗಾಡಿ ವಾಸಿ. ಫೋನಿನಲ್ಲಿ ಹಾಡು ಅರ್ಧಕ್ಕೇ ನಿಲ್ಲುತ್ತೆ" ಎಂದುಬಿಟ್ಟರು. ಅವಳಿಗೆ ಅದು ನಾಟಿತು. ಮನೆಯಲ್ಲಿ ಅಡುಗೆಗೆ ಹೆಸರಿಡಲಿ, ಸಹಿಸಬಹುದು. ಕೆಲಸಕ್ಕೆ ಹೆಸರಿಟ್ಟರೆ?

ಕೆಳಗೆ ಬಂದವಳೇ ಮಾವನ ವಾರ್ಡಿರುವ ಮಹಡಿಯ ಚಾವಣಿಯ ವೈಫೈ ಪೆಟ್ಟಿಗೆಗಳಿಗೆ ಹೊಸ ನಿಯಮ ಹಾಕಿದ್ದಳು: ಸಿಗ್ನಲ್ ದುರ್ಬಲವಾಗಿರುವ ಉಪಕರಣವನ್ನು ಹೊರಗೆ ಹಾಕು. ಕೌಂಟರಿನಲ್ಲಿ ಚಿಲ್ಲರೆ ಎಣಿಸುತ್ತ ನಿಂತ ಒಬ್ಬ ಮುದುಕನಿಂದ ಇಡೀ ಸಾಲು ನಿಲ್ಲುವುದಿಲ್ಲವೇ, ಅಂಥವನ್ನು ಸಾಲಿನಿಂದ ತೆಗೆದರೆ ಉಳಿದವಕ್ಕೆ ದಾರಿ ಸಲೀಸು. ನಿಯಮ ಉಳಿಸಿದಾಗ ಪೆಟ್ಟಿಗೆಗಳೆಲ್ಲ ಒಮ್ಮೆ ಆರಿ ಹತ್ತುತ್ತವೆ. ಅದಕ್ಕೇ ಡಾಕ್ಟರರ ರೌಂಡ್ಸ್ ಹೊತ್ತು ನೋಡಿ, ಎಲ್ಲ ಹಾಸಿಗೆಯ ಪಕ್ಕ ಯಾರಾದರೂ ಇರುವಾಗಲೇ ಮಾಡಿದ್ದಳು. ಅಷ್ಟು ಎಚ್ಚರ ಇತ್ತು.

ನಗು ಮುಗಿಯುವ ಮೊದಲೇ ಅವಳ ಕಣ್ಣು ತನ್ನ ಪರದೆಯ ಕೆಂಪು ಸಾಲಿನ ಮೇಲೆ ಬಿತ್ತು. ಒಂದೇ ಉಪಕರಣ ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತಿತ್ತು, ಪೆಟ್ಟಿಗೆ ಮತ್ತೆ ಮತ್ತೆ ಹೊರಗೆ ಹಾಕುತ್ತಿತ್ತು. ಮೂಲೆಯ ಹಾಸಿಗೆಯ ಮಾನಿಟರ್. ಹಳೆಯದು, ಈಗ ಪೆಟ್ಟಿಗೆಗೆ ದೂರ, ನಡುವೆ ಕಂಬ ಬೇರೆ.



ನಿಯಮ ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿದರೆ ಇಡೀ ಮಹಡಿಯ ವೈಫೈ ಮತ್ತೊಮ್ಮೆ ಆರಿ, ನರ್ಸಿನ ಪರದೆಯಲ್ಲಿ ಯಾರ ಗೆರೆಯೂ ಕಾಣದು. ಈಗ ಊಟದ ಹೊತ್ತು, ವಾರ್ಡಿಗೆಲ್ಲ ಇರುವವಳು ಒಬ್ಬಳೇ ನರ್ಸು. ಅತ್ತ ದರಿ, ಇತ್ತ ಪುಲಿ. ಬೆರಳು ಗುಂಡಿಯ ಮೇಲೇ ನಿಂತಿತು.

"ಈಗಲೇ ಮಾವನ ಹತ್ತಿರ ಹೋಗಿ" ಎಂದಳು ಫೋನಿಗೆ.

"ಇಲ್ಲೊಬ್ಬರಿಗೆ ಡ್ರಿಪ್ ಹಾಕ್ತಿದೀನಿ ಅಕ್ಕಾ. ಮುಗಿಸಿ ಹೋಗ್ತೀನಿ. ಅವರು ಕೀಳೋದು ಹೊಸದಾ?"

"ಅವರು ಕಿತ್ತಿಲ್ಲ. ಕಿತ್ತಿದ್ದು ನಾನು. ಡ್ರಿಪ್ ಬಿಟ್ಟು ಓಡಿ."

ಆ ಕಡೆ ಏನೋ ಟ್ರೇಗೆ ಬಿದ್ದ ಸದ್ದು. ಅವಳು ಗುಂಡಿಯಿಂದ ಬೆರಳು ತೆಗೆದು ಎದ್ದಳು. ಲಿಫ್ಟ್ ಮೇಲೆಲ್ಲೋ ನಿಂತಿತ್ತು. ಮೆಟ್ಟಿಲು ಹತ್ತಿ ಓಡಿದಳು. ಗಂಡನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮೂಲೆಯ ಹಾಸಿಗೆಯ ಸುತ್ತ ಬಟ್ಟೆಯ ಪರದೆ ಎಳೆದಿದ್ದರು. ಒಳಗೆ ಡಾಕ್ಟರು ಬಾಗಿದ್ದರು, ಮಾವನ ಮುಖಕ್ಕೆ ಆಮ್ಲಜನಕದ ಮುಖವಾಡ. ಮಾನಿಟರಿನ ಕೆಂಪು ದೀಪ ಸದ್ದಿಲ್ಲದೆ ಮಿನುಗುತ್ತಿತ್ತು.

"ನಾನು ಬಂದಾಗ ತುಟಿ ನೀಲಿಯಾಗಿತ್ತು" ಎಂದಳು ನರ್ಸು, ಅವಳ ಮುಖ ನೋಡದೆ. "ಈಗ ಉಸಿರು ಸರಿಯಾಗ್ತಿದೆ."

ಹೊದಿಕೆಯ ಮಡಿಕೆಯಲ್ಲಿ ಮಾವನ ಫೋನು ಬಿದ್ದಿತ್ತು. ಹಾಡು ಎಲ್ಲೂ ತಡೆಯದೆ ಹರಿಯುತ್ತಿತ್ತು. ಅದನ್ನು ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಅವಳು ಕೈ ಚಾಚಿ ಮಾನಿಟರಿನ ಸದ್ದನ್ನು ಏರಿಸಿದಳು, ಪೂರ್ತಿ. ಕುಂಯ್. ಕುಂಯ್. ಮಾವ ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕಿದರು. ಅವಳು ಸದ್ದಿನ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ.